ಹೊಲಿಗೆ ತರಗತಿ, ಸಭಾಭವನ, ಚುನಾವಣೆ: ನಮ್ಮೂರ ಮಹಿಳಾ ಸಮಾಜದ ಸದಸ್ಯತ್ವ ಹೇಗಿದೆ?

ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿರುವ ಮಹಿಳಾ ಸಮಾಜದ ಸದಸ್ಯತ್ವವನ್ನು ಕುರಿತ ವಿಮರ್ಶೆ ಇದು. ಊರಿಗೆ ವರ್ಗವಾಗಿ ಬಂದ ಶಿಕ್ಷಕಿಯರು, ಬ್ಯಾಂಕಿನವರು, ಬೆಂಗಳೂರಿನ ನೌಕರಿ ಮುಗಿಸಿ ಹಿಂದಿರುಗಿದವರು, ಮದುವೆಯಾಗಿ ಬಂದ ಹೆಣ್ಣುಮಕ್ಕಳು ಸಮಾಜದ ವಿಷಯ ಬಂದಾಗ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಚಂದಾ ಕೊಟ್ಟರೆ ಏನು ಸಿಗುತ್ತದೆ, ಮತ್ತು ಅಲ್ಲಿ ಸದಾ ಜಗಳವಂತೆ, ನಿಜವೇ. ಎರಡಕ್ಕೂ ಒಟ್ಟಿಗೇ ಉತ್ತರ ಹೇಳಬೇಕಾಗುತ್ತದೆ, ಏಕೆಂದರೆ ಅಲ್ಲಿ ದೊರೆಯುವ ಪ್ರತಿಯೊಂದು ಸೇವೆಯೂ ಆ ಅವಧಿಯಲ್ಲಿ ಅಧಿಕಾರದಲ್ಲಿರುವವರು ಯಾರು, ಅವರು ಹೇಗೆ ಆರಿಸಿ ಬಂದರು ಎಂಬುದನ್ನು ಅವಲಂಬಿಸಿದೆ. ಸಮಾಜದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಂತಹ ಊರಿನಲ್ಲಿ ಸಂಸ್ಥೆಯ ಹೆಸರು ಹೇಳಿದರೆ ವ್ಯಕ್ತಿಯ ಹೆಸರನ್ನೇ ಹೇಳಿದಂತಾಗುತ್ತದೆ.

ಕಟ್ಟಡ ಹಳೆಯದು. ಮಂಗಳೂರು ಹೆಂಚಿನ ಮಾಡು, ಮುಂದೆ ಕಟಾಂಜನದ ಜಗಲಿ, ಹಿಂದೆ ಶಿಶುವಿಹಾರದ ಎರಡು ಕೋಣೆಗಳು, ಪಕ್ಕದಲ್ಲಿ ನಂತರ ಕಟ್ಟಿಸಿದ ಸಭಾಭವನ. ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಬಾಗಿಲು ತೆರೆದಿರುತ್ತದೆ. ವಾರ್ಷಿಕ ಚಂದಾ ಯಾರ ಕೈಗೂ ಭಾರವಾಗುವಂಥದ್ದಲ್ಲ. ಆಜೀವ ಸದಸ್ಯತ್ವಕ್ಕೆ ಒಮ್ಮೆಗೇ ಕಟ್ಟುವ ಮೊತ್ತವೂ ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಗಿಂತ ಕಡಿಮೆ. ಅರ್ಜಿಗೆ ಈಗಾಗಲೇ ಸದಸ್ಯರಾಗಿರುವ ಇಬ್ಬರು ಸೂಚಕರಾಗಿ, ಅನುಮೋದಕರಾಗಿ ಸಹಿ ಹಾಕಬೇಕು. ಸಹಿ ಹಾಕಿದವರು ಯಾರೆಂಬುದನ್ನು ನೋಡಿಯೇ ಹೊಸಬರು ಯಾವ ಕಡೆಯವರೆಂದು ಉಳಿದವರು ತೀರ್ಮಾನಿಸಿಬಿಡುತ್ತಾರೆ. ಹೊಸಬರಿಗೆ ಆ ಹೊತ್ತಿಗೆ ಕಡೆಗಳಿವೆ ಎಂಬುದೇ ತಿಳಿದಿರುವುದಿಲ್ಲ.

ಸೇವೆಗಳಲ್ಲಿ ಮೊದಲು ಹೇಳಬೇಕಾದದ್ದು ಹೊಲಿಗೆ ತರಗತಿ. ಜಿಲ್ಲಾ ಕೇಂದ್ರದ ಖಾಸಗಿ ತರಬೇತಿಗೆ ಹೋಲಿಸಿದರೂ ಇದು ಉತ್ತಮವಾಗಿದೆ. ಅಲ್ಲಿ ಕಲಿಸುವ ಟೀಚರ್ ಮೊದಲ ತಿಂಗಳು ಬಟ್ಟೆಯನ್ನೇ ಮುಟ್ಟಿಸುವುದಿಲ್ಲ. ಹಳೆಯ ದಿನಪತ್ರಿಕೆಯ ಹಾಳೆಯ ಮೇಲೆ ರವಿಕೆಯ ಅಳತೆ ಬರೆಯಿಸಿ, ಕತ್ತರಿಸಿ, ಗುಂಡುಪಿನ್ನು ಚುಚ್ಚಿ ಕೂಡಿಸಿ, ತಪ್ಪಿದ್ದರೆ ಮತ್ತೆ ಬರೆಯಿಸುತ್ತಾರೆ. ಎರಡನೆಯ ತಿಂಗಳಿಗೆ ಹುಡುಗಿಯರು ಕಟೋರಿ ಬ್ಲೌಸ್ ಕತ್ತರಿಸುವಷ್ಟು ಪಳಗಿರುತ್ತಾರೆ. ಫಾಲ್ ಹಚ್ಚುವುದು, ಪಿಕೋ ಮಾಡುವುದು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಇವೆಲ್ಲ ತರಗತಿಯ ಭಾಗವೇ, ಮತ್ತು ಕಲಿತು ಹೋದ ಹಲವರು ಮನೆಯಲ್ಲೇ ಈ ಕೆಲಸದಿಂದ ಸಂಪಾದಿಸುತ್ತಿದ್ದಾರೆ. ಯಂತ್ರಗಳ ಪೈಕಿ ಕೆಲವು ತುಳಿಯುವ ಹಳೆಯವು. ಮೋಟಾರು ಹಾಕಿಸಬೇಕೆಂಬ ಠರಾವು ನಡಾವಳಿ ಪುಸ್ತಕದಲ್ಲಿ ಇದೆ, ಮೋಟಾರು ಇಲ್ಲ.

ಸಭಾಭವನ ಸೀಮಂತ, ನಾಮಕರಣ, ಆರತಕ್ಷತೆಯಂತಹ ಸಣ್ಣ ಸಮಾರಂಭಗಳಿಗೆ ತಕ್ಕುದಾಗಿದೆ. ಸದಸ್ಯೆಯರಿಗೆ ಬಾಡಿಗೆಯಲ್ಲಿ ರಿಯಾಯಿತಿ ಉಂಟು, ಪಾತ್ರೆಗಳು ಪ್ರತ್ಯೇಕ ಬಾಡಿಗೆಗೆ ದೊರೆಯುತ್ತವೆ, ನೀರಿಗೆ ತೊಂದರೆಯಿಲ್ಲ. ಅಡುಗೆಮನೆಯ ಗಾಳಿಯಾಟ ಮಾತ್ರ ಸಾಲದು. ದಸರೆಯ ಗೊಂಬೆ ಪ್ರದರ್ಶನ, ನೇತ್ರ ತಪಾಸಣೆ, ರಾಜ್ಯೋತ್ಸವ, ರಂಗೋಲಿ ಸ್ಪರ್ಧೆ ಇವು ಎಲ್ಲ ಊರುಗಳಲ್ಲಿ ನಡೆಯುವಂತೆ ಇಲ್ಲಿಯೂ ನಡೆಯುತ್ತವೆ. ಬೇಸಿಗೆಯ ಹಪ್ಪಳ-ಸಂಡಿಗೆಯ ಕೆಲಸವನ್ನು ಮಾತ್ರ ಪ್ರತ್ಯೇಕವಾಗಿ ಹೊಗಳಬೇಕು: ಹಲಸಿನ ಕಾಯಿಯ ಹಪ್ಪಳಕ್ಕೆ ಮಾರ್ಚಿ ಮುಗಿಯುವುದರೊಳಗೆ ಬೇಡಿಕೆ ಬರೆಸದಿದ್ದರೆ ಸಿಗುವುದಿಲ್ಲ, ಮತ್ತು ಶಿಶುವಿಹಾರದ ಆಯಾಳ ವೇತನ ಬಹುಪಾಲು ಆ ಹಪ್ಪಳದ ಹಣದಿಂದಲೇ ಹುಟ್ಟುತ್ತದೆ.

ಇನ್ನು ಚುನಾವಣೆ. ಸಮಾಜವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಏಳು ಮಂದಿ ಸೇರಿದರೆ ಆ ಕಾಯ್ದೆಯಡಿ ಸಂಘ ಕಟ್ಟಬಹುದು. ಕಟ್ಟಿದ ಮೇಲೆ ಪ್ರತಿವರ್ಷ ಸರ್ವಸದಸ್ಯರ ಮಹಾಸಭೆ ಕರೆಯಬೇಕು, ಲೆಕ್ಕ ಮಂಡಿಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನು ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಅಧ್ಯಕ್ಷೆ, ಉಪಾಧ್ಯಕ್ಷೆ, ಕಾರ್ಯದರ್ಶಿ, ಸಹಕಾರ್ಯದರ್ಶಿ, ಖಜಾಂಚಿ ಮತ್ತು ಸಮಿತಿಯ ಸದಸ್ಯೆಯರು ಎಷ್ಟು ವರ್ಷ ಇರಬೇಕು, ಒಬ್ಬರೇ ಎಷ್ಟು ಸಲ ನಿಲ್ಲಬಹುದು ಎಂಬುದನ್ನು ಆಯಾ ಸಂಘದ ಬೈಲಾ ಹೇಳುತ್ತದೆ. ನಮ್ಮ ಬೈಲಾದಲ್ಲಿ ಅವಧಿ ಮೂರು ವರ್ಷವೆಂದಿದೆ. ಎಷ್ಟು ಸಲ ಎಂಬ ವಿಷಯದಲ್ಲಿ ಅದು ಮೌನವಾಗಿದೆ. ಸಮಾಜದ ಇತಿಹಾಸದ ಅರ್ಧ ಭಾಗ ಆ ಮೌನದಿಂದಲೇ ಹುಟ್ಟಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಬಹುಕಾಲ ಇಲ್ಲಿ ಮತದಾನವೇ ನಡೆಯುತ್ತಿರಲಿಲ್ಲ. ಹಿರಿಯರು ಒಬ್ಬರ ಮನೆಯಲ್ಲಿ ಸೇರಿ ಪಟ್ಟಿ ಮಾಡುತ್ತಿದ್ದರು, ಮಹಾಸಭೆಯಲ್ಲಿ ಓದುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಮರುದಿನ ಜಿಲ್ಲಾ ಪತ್ರಿಕೆಯಲ್ಲಿ ಹಾರ ಹಾಕಿಕೊಂಡವರ ಚಿತ್ರದ ಕೆಳಗೆ ‘ಪದಾಧಿಕಾರಿಗಳ ಅವಿರೋಧ ಆಯ್ಕೆ’ ಎಂದು ಅಚ್ಚಾಗುತ್ತಿತ್ತು. ಇದನ್ನು ಒಗ್ಗಟ್ಟಿನ ಲಕ್ಷಣವೆಂದು ಹೇಳುವವರು ಇಂದಿಗೂ ಇದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಅವಿರೋಧ ಆಯ್ಕೆಯ ವರ್ಷಗಳಲ್ಲಿ ವಿರೋಧ ಇರಲಿಲ್ಲವೆಂದಲ್ಲ. ಅದು ಸಭೆಯಿಂದ ಹೊರಗೆ, ಅರಿಶಿನ-ಕುಂಕುಮಕ್ಕೆ ಯಾರನ್ನು ಕರೆದರು ಯಾರನ್ನು ಬಿಟ್ಟರು ಎಂಬ ರೂಪದಲ್ಲಿ, ಸಭಾಭವನದ ಮುಹೂರ್ತದ ದಿನಗಳನ್ನು ಯಾರ ಹೆಸರಿಗೆ ಮೊದಲೇ ಬರೆದಿಟ್ಟರು ಎಂಬ ರೂಪದಲ್ಲಿ ಇತ್ತು. ಜಮಾ-ಖರ್ಚಿನ ಪಟ್ಟಿಯಲ್ಲಿ ‘ಇತರೆ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು, ಕೇಳುವವರಿರಲಿಲ್ಲ. ಎದುರಾಳಿ ತಂಡ ಬಂದ ಮೇಲೆಯೇ ಆ ಸಾಲು ಒಡೆದು ದೀಪದ ಎಣ್ಣೆ, ಫಲತಾಂಬೂಲ, ಆಟೋ ಬಾಡಿಗೆ, ಅತಿಥಿಗಳ ಶಾಲು ಎಂದು ಬಿಡಿಬಿಡಿಯಾಗಿ ಕಾಣಿಸಿಕೊಂಡಿತು. ಶಾಲಿನ ಖರ್ಚು ಸಂಡಿಗೆಯ ಲಾಭವನ್ನು ಮೀರಿದ್ದುದು ಗೊತ್ತಾದದ್ದು ಆಗಲೇ.

ಎರಡು ಬಣಗಳಿಗೆ ಊರಿನ ಬಾಯಲ್ಲಿ ಪೇಟೆಯವರು, ಬಡಾವಣೆಯವರು ಎಂದು ಹೆಸರು. ಪೇಟೆಯವರೆಂದರೆ ಹಳೆಯ ಅಂಗಡಿಬೀದಿಯ ಮನೆತನಗಳವರು. ಕಟ್ಟಡಕ್ಕೆ ಹಣ ಕೂಡಿಸಿದವರು ಅವರ ಅತ್ತೆಯಂದಿರು, ಆದ್ದರಿಂದ ಸಮಾಜ ತಮ್ಮದೆಂಬ ಭಾವ ಅವರಿಗೆ ಸಹಜ. ಬಡಾವಣೆಯವರೆಂದರೆ ಶಿಕ್ಷಕಿಯರು, ನರ್ಸುಗಳು, ಸರ್ಕಾರಿ ನೌಕರರ ಮನೆಯವರು, ನಂತರ ಬಂದವರು. ನಿಯಮ, ರಸೀದಿ, ಲೆಕ್ಕ ಎಂದು ಮಾತನಾಡುವವರು. ಇದರಲ್ಲಿ ಜಾತಿಯ ಲೆಕ್ಕಾಚಾರವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದೊಂದೇ ಎಂದರೂ ಸುಳ್ಳೇ, ಏಕೆಂದರೆ ನಿಜವಾದ ವಿವಾದಗಳು ಶಿಶುವಿಹಾರದ ಕೋಣೆಯನ್ನು ಖಾಸಗಿ ಶಾಲೆಗೆ ಬಾಡಿಗೆಗೆ ಕೊಡಬೇಕೇ, ಹೊಲಿಗೆ ತರಗತಿಯ ಶುಲ್ಕ ಏರಿಸಬೇಕೇ, ಶುಕ್ರವಾರದ ಭಜನೆಯ ಹೊತ್ತಿನಲ್ಲಿ ಕಂಪ್ಯೂಟರ್ ತರಗತಿ ನಡೆಸಬಹುದೇ ಎಂಬಂಥವು, ಮತ್ತು ಈ ಪ್ರಶ್ನೆಗಳಲ್ಲಿ ಎರಡೂ ಬಣಗಳು ಒಳಗೊಳಗೇ ಒಡೆದಿದ್ದವು.

ಕಳೆದ ಚುನಾವಣೆ ಮತಪತ್ರದ ಮೂಲಕವೇ ನಡೆಯಿತು. ಅದರಲ್ಲಿ ಅತ್ಯಂತ ಕಳಪೆಯಾಗಿದ್ದದ್ದು ಮತದಾರರ ಪಟ್ಟಿ. ತೀರಿಕೊಂಡ ಆಜೀವ ಸದಸ್ಯೆಯರ ಹೆಸರುಗಳು ಹಾಗೆಯೇ ಇದ್ದವು; ಮಕ್ಕಳ ಜೊತೆಯಲ್ಲಿ ಬೆಂಗಳೂರು ಸೇರಿದವರ ವಿಳಾಸ ಬದಲಾಗಿರಲಿಲ್ಲ; ಒಂದೇ ಹೆಸರಿನ ಇಬ್ಬರಲ್ಲಿ ಯಾರು ಯಾರೆಂಬುದನ್ನು ಗಂಡಂದಿರ ಅಂಗಡಿಯ ಹೆಸರಿನಿಂದ ಗುರುತಿಸಬೇಕಾಗಿತ್ತು. ಚಂದಾ ಬಾಕಿ ಇರುವವರಿಗೆ ಮತವಿಲ್ಲವೆಂದು ಬೈಲಾ ಸ್ಪಷ್ಟವಾಗಿ ಹೇಳುತ್ತದೆ. ಕೊನೆಯ ದಿನಾಂಕದ ಹಿಂದಿನ ಸಂಜೆ ಒಬ್ಬ ಉಮೇದುವಾರರು ಹಲವರ ಬಾಕಿಯನ್ನು ತಾವೇ ಒಟ್ಟಿಗೆ ಕಟ್ಟಿ ರಸೀದಿ ಪುಸ್ತಕವನ್ನೇ ಮುಗಿಸಿದರು. ಇದು ನಿಯಮಕ್ಕೆ ವಿರುದ್ಧವಲ್ಲ, ಏಕೆಂದರೆ ಚಂದಾವನ್ನು ಸ್ವತಃ ಸದಸ್ಯೆಯೇ ಕಟ್ಟಬೇಕೆಂದು ಎಲ್ಲಿಯೂ ಬರೆದಿಲ್ಲ. ಬರೆಯಬೇಕಾಗಿದೆ.

ಮತದಾನದ ದಿನದ ವ್ಯವಸ್ಥೆಗೆ ಮಾತ್ರ ಪೂರ್ಣ ಅಂಕ ಕೊಡಬಹುದು. ಚುನಾವಣಾಧಿಕಾರಿಯಾಗಿದ್ದವರು ಸದಸ್ಯೆಯೇ ಅಲ್ಲದ, ನಿವೃತ್ತ ಪ್ರೌಢಶಾಲಾ ಮುಖ್ಯೋಪಾಧ್ಯಾಯಿನಿ. ಊರಿನ ಅರ್ಧ ಹೆಂಗಸರು ಅವರ ಕೈಯಲ್ಲಿ ಪೆಟ್ಟು ತಿಂದವರಾದ್ದರಿಂದ ಅವರ ಎದುರು ಯಾರೂ ದನಿ ಏರಿಸುವಂತಿರಲಿಲ್ಲ. ಹಪ್ಪಳದ ಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆಸಿ, ಖಾಲಿಯೆಂದು ಎರಡೂ ಕಡೆಯವರಿಗೆ ಮಗುಚಿ ತೋರಿಸಿ, ಬಾಯಿಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಿದರು. ಎಣಿಕೆಯಲ್ಲಿ ಒಂದು ಮತಪತ್ರದ ಮೇಲೆ ಸರಿ ಗುರುತು ಇಬ್ಬರ ಹೆಸರುಗಳ ನಡುವಿನ ಗೆರೆಯ ಮೇಲೆ ಬಿದ್ದಿತ್ತು. ಪೇಟೆಯ ಏಜೆಂಟರು, “ಟೀಚರ್, ಬಾಲ ನೋಡಿ, ನಮ್ಮ ಕಡೆಗೇ ಎಳೆದಿದ್ದಾರೆ” ಎಂದರು. “ಬಾಲ ನೋಡಿ ಮತ ಎಣಿಸೋದಿಲ್ಲಮ್ಮ. ಚೌಕದ ಒಳಗಿಲ್ಲ, ಅಸಿಂಧು” ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. ಇನ್ನೊಂದು ಮತಪತ್ರದಲ್ಲಿ ಗುರುತೇ ಇರಲಿಲ್ಲ. ಅಂದವಾದ ಅಕ್ಷರಗಳಲ್ಲಿ ‘ಇಬ್ಬರೂ ಬೇಕಾದವರೇ’ ಎಂದು ಬರೆದಿತ್ತು. ಅದನ್ನೂ ಅಸಿಂಧುಗಳ ಜೊತೆಗೇ ಸೇರಿಸಲಾಯಿತು. ಬರೆದವರು ಯಾರೆಂದು ಅಕ್ಷರ ನೋಡಿ ಎಲ್ಲರಿಗೂ ತಿಳಿಯಿತು, ಯಾರೂ ಹೇಳಲಿಲ್ಲ.

ಬಡಾವಣೆಯವರು ಅಧ್ಯಕ್ಷರಾದರು, ಖಜಾಂಚಿ ಪೇಟೆಯವರಾದರು. ಹೀಗೆ ಮಿಶ್ರ ಫಲಿತಾಂಶ ಬಂದದ್ದನ್ನು ಊರು ದುರದೃಷ್ಟವೆಂದು ಕರೆಯಿತು. ಬಳಕೆದಾರಳಾಗಿ ನೋಡಿದರೆ ಸಮಾಜಕ್ಕೆ ಒದಗಿದ ಅತ್ಯುತ್ತಮ ವ್ಯವಸ್ಥೆ ಅದೇ. ಅಧ್ಯಕ್ಷೆ ಖರ್ಚು ಮಾಡಬೇಕೆಂದರೆ ಎದುರು ಬಣದ ಖಜಾಂಚಿ ಬಿಲ್ಲು ಕೇಳುತ್ತಾರೆ. ಖಜಾಂಚಿ ಹಣ ತಡೆಹಿಡಿದರೆ ಅಧ್ಯಕ್ಷೆ ಸಮಿತಿಯ ಸಭೆ ಕರೆದು ಕಾರಣ ಕೇಳುತ್ತಾರೆ. ಸಭಾಭವನದ ಮುಂಗಡ ಪುಸ್ತಕ ಈಗ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿದೆ.

ದೋಷವಿರುವುದು ಅಧಿಕಾರ ಹಸ್ತಾಂತರದಲ್ಲಿ, ಮತ್ತು ಅದು ಸಣ್ಣ ದೋಷವಲ್ಲ. ಹಿಂದಿನ ಸಮಿತಿಯವರು ಕಪಾಟಿನ ಬೀಗದ ಕೈ, ಪಾಸ್‌ಪುಸ್ತಕ, ನಡಾವಳಿ ಪುಸ್ತಕಗಳನ್ನು ‘ಒಳ್ಳೆಯ ದಿನ ನೋಡಿ’ ಕೊಡುವುದಾಗಿ ಹೇಳಿದರು. ಆಷಾಢ ಬಂತು, ಒಳ್ಳೆಯ ದಿನ ಸಿಗಲಿಲ್ಲ. ಬ್ಯಾಂಕಿನವರು ಖಾತೆಯ ಸಹಿದಾರರನ್ನು ಬದಲಿಸಬೇಕಾದರೆ ಠರಾವಿನ ಪ್ರತಿ, ಹೊಸ ಸಮಿತಿಯ ಪಟ್ಟಿ, ಹೊಸಬರ ಗುರುತಿನ ದಾಖಲೆಗಳನ್ನು ಕೇಳುತ್ತಾರೆ. ಠರಾವು ಬರೆಯಬೇಕಾದ ಪುಸ್ತಕವೇ ಹಳಬರ ಮನೆಯಲ್ಲಿತ್ತು. ಹಳೆಯ ಸಹಿಗೆ ಅಧಿಕಾರವಿಲ್ಲ, ಹೊಸ ಸಹಿಗೆ ಬ್ಯಾಂಕಿನಲ್ಲಿ ಮಾನ್ಯತೆಯಿಲ್ಲ ಎಂಬ ಆ ಅವಧಿಯಲ್ಲಿ ಹೊಲಿಗೆ ಟೀಚರಿಗೆ ಗೌರವಧನ ಸಿಗಲಿಲ್ಲ, ಆಯಾಳ ಸಂಬಳವನ್ನು ಖಜಾಂಚಿ ತಮ್ಮ ಕೈಯಿಂದ ಕೊಟ್ಟರು. ಟೀಚರು ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ಪದಾಧಿಕಾರಿಗಳ ಜಗಳದ ಬೆಲೆಯನ್ನು ಮತ ಹಾಕುವ ಹಕ್ಕೇ ಇಲ್ಲದ ಇಬ್ಬರು ಹೆಂಗಸರು ತೆತ್ತರು ಎಂಬುದು ನನಗೆ ಸಮಾಜದ ಮೇಲಿರುವ ಅತಿ ದೊಡ್ಡ ಆಕ್ಷೇಪ.

ಕಾನೂನಿನ ದಾರಿ ಇಲ್ಲದಿಲ್ಲ. ಕಾಯ್ದೆಯ 25ನೆಯ ಕಲಮಿನ ಪ್ರಕಾರ ಆಡಳಿತ ಮಂಡಳಿಯ ಬಹುಸಂಖ್ಯಾತರು ಅಥವಾ ಒಟ್ಟು ಸದಸ್ಯರಲ್ಲಿ ಮೂರನೆಯ ಒಂದರಷ್ಟು ಮಂದಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿಗಳು ವಿಚಾರಣೆ ನಡೆಸಬಹುದು. ತೀರಾ ಹದಗೆಟ್ಟರೆ 27-ಎ ಕಲಮಿನಡಿ ಸರ್ಕಾರ ಆಡಳಿತಾಧಿಕಾರಿಯನ್ನೇ ನೇಮಿಸಬಹುದು. ಬಡಾವಣೆಯ ಕೆಲವರು ಅರ್ಜಿ ಬರೆದು ಸಹಿ ಸಂಗ್ರಹಿಸಲು ಹೊರಟದ್ದೂ ಉಂಟು. ಸುದ್ದಿ ತಿಳಿದ ವಾರದಲ್ಲೇ ಪುಸ್ತಕಗಳು ಆಟೋದಲ್ಲಿ ಬಂದವು.

ಇದೇ ಊರಿನಲ್ಲಿ ಇನ್ನರ್ ವೀಲ್ ಕ್ಲಬ್ಬೂ ಇರುವುದರಿಂದ ಹೋಲಿಕೆ ಅನಿವಾರ್ಯ. ಮಾರ್ಗರೆಟ್ ಗೋಲ್ಡಿಂಗ್ ಎಂಬ ಮಹಿಳೆ 1924ರ ಜನವರಿ 10ರಂದು ಮ್ಯಾಂಚೆಸ್ಟರಿನಲ್ಲಿ ರೋಟರಿ ಸದಸ್ಯರ ಹೆಂಡತಿಯರನ್ನು ಸೇರಿಸಿ ಆರಂಭಿಸಿದ ಸಂಘಟನೆ ಅದು. 1967ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾಯಿತು. ಅಲ್ಲಿ ವರ್ಷವೆಂದರೆ ಜುಲೈ 1ರಿಂದ ಜೂನ್ 30, ಮತ್ತು ಹುದ್ದೆಯ ಗುರುತಾಗಿ ಅಧ್ಯಕ್ಷೆ ಕೊರಳಿಗೆ ಹಾಕಿಕೊಳ್ಳುವ ಕಾಲರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಇನ್ನೊಬ್ಬರ ಕೊರಳಿಗೆ ಹೋಗುತ್ತದೆ. ಉಪಾಧ್ಯಕ್ಷೆ ಮುಂದೆ ಅಧ್ಯಕ್ಷೆಯಾಗುವುದು ರೂಢಿಯಾಗಿರುವುದರಿಂದ ಮೇಲಿನ ಹುದ್ದೆಗೆ ಹೊಡೆದಾಟ ಕಡಿಮೆ. ಅದಕ್ಕೆ ಬದಲಾಗಿ ಕಾರ್ಯದರ್ಶಿಯ ಸ್ಥಾನಕ್ಕೆ, ಜಿಲ್ಲಾ ಮಟ್ಟದ ಹುದ್ದೆಗೆ ಯಾರ ಹೆಸರು ಕಳುಹಿಸಬೇಕೆಂಬುದಕ್ಕೆ ಪೈಪೋಟಿ ನಡೆಯುತ್ತದೆ. ಹಸ್ತಾಂತರ ಅಲ್ಲಿ ಪದಗ್ರಹಣ ಸಮಾರಂಭದ ಭಾಗವೇ ಆದ್ದರಿಂದ ಪುಸ್ತಕ ಬಚ್ಚಿಡುವ ಪ್ರಸಂಗ ಬರುವುದಿಲ್ಲ. ಇದು ಅವರಿಂದ ನಾವು ಕಲಿಯಬೇಕಾದದ್ದು. ಆದರೆ ಒಂದೇ ವರ್ಷದ ಅಧಿಕಾರಕ್ಕೆ ತನ್ನದೇ ಬೆಲೆಯಿದೆ: ಒಬ್ಬರು ಶಾಲೆಗೆ ಶೌಚಾಲಯ ಕಟ್ಟಿಸಲು ಹೊರಟರೆ ಜೂನ್ ಬರುತ್ತದೆ, ಮುಂದಿನವರಿಗೆ ಬೇರೆ ಯೋಜನೆ ಬೇಕಾಗುತ್ತದೆ. ತಿಂಗಳಿಗೊಂದು ಸಭೆ, ಒಂದು ಶಿಬಿರ, ಬೇರೆ ಊರುಗಳ ಗೆಳೆತನ ಬೇಕೆನ್ನುವವರಿಗೆ ಅದು ಒಪ್ಪುತ್ತದೆ. ದಿನವೂ ಹೋಗಿ ಕೂರುವ, ಕೈಕೆಲಸ ಕಲಿಯುವ ಜಾಗ ಬೇಕೆನ್ನುವವರಿಗೆ ಸಮಾಜವೇ ಬೇಕು.

ಲೆಕ್ಕದ ಶಿಸ್ತಿನಲ್ಲಿ ಎರಡಕ್ಕೂ ಮಿಗಿಲಾದವರು ಸ್ತ್ರೀಶಕ್ತಿ ಗುಂಪಿನವರು. ಸಮಾಜದ ಅಂಗಳ ಗುಡಿಸುವ ಹೆಂಗಸು ಅಂಥದೊಂದು ಗುಂಪಿನ ಪ್ರತಿನಿಧಿ. ಅವರ ಗುಂಪಿನಲ್ಲಿ ವಾರದ ಸಭೆ ತಪ್ಪುವುದಿಲ್ಲ, ಉಳಿತಾಯ, ಸಾಲ, ಮರುಪಾವತಿ ಎಲ್ಲವನ್ನೂ ಎಲ್ಲರೆದುರು ಓದುತ್ತಾರೆ, ಪ್ರತಿನಿಧಿ ಸರದಿಯಂತೆ ಬದಲಾಗುತ್ತಾಳೆ. “ನಮ್ಮಲ್ಲಿ ಪುಸ್ತಕ ಯಾರ ಮನೆಗೂ ಹೋಗಲ್ಲ ಅಕ್ಕಾ, ಪೆಟ್ಟಿಗೇಲೇ ಇರ್ತದೆ” ಎಂದು ಆಕೆ ಒಮ್ಮೆ ಹೇಳಿದಾಗ ಜಗಲಿಯಲ್ಲಿದ್ದ ಪದವೀಧರೆಯರು ಮಾತು ಬದಲಿಸಿದರು.

ಸೋತವರು ಮತ್ತೆ ಬಾಗಿಲು ತುಳಿಯದಿರುವುದು ಇಲ್ಲಿಯ ಇನ್ನೊಂದು ಕೆಟ್ಟ ಸಂಪ್ರದಾಯ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಪ್ರಾಂತೀಯ ಶಾಸನಸಭೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ಮರುವರ್ಷ ಪುಣೆಯಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನಾ ಕಾರ್ಯದರ್ಶಿಯಾಗಿ ದುಡಿದರು. ನಮ್ಮಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸೋತವರು, ಹಲಸಿನ ಹಪ್ಪಳದ ಹದ ಬಲ್ಲವರು ಅವರೊಬ್ಬರೇ ಆಗಿದ್ದರೂ, ಆ ಬೇಸಿಗೆ ಬರಲಿಲ್ಲ. ಅವರ ಜೊತೆಯವರೂ ಬರಲಿಲ್ಲ. ಹಪ್ಪಳ ಅರ್ಧಕ್ಕೆ ಇಳಿಯಿತು, ಇದ್ದದ್ದೂ ಕರಿದಾಗ ಕೆಂಪಾಯಿತೆಂದು ಗಿರಾಕಿಗಳು ದೂರಿದರು. ಹೊಸ ಅಧ್ಯಕ್ಷೆ ಅವರ ಮನೆಗೆ ಹೋಗಿ ಕರೆದರೆಂದು ಒಂದು ಕಡೆಯವರು ಹೇಳುತ್ತಾರೆ, ಫೋನಿನಲ್ಲಿ ಮಾತ್ರ ಕರೆದರೆಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಹಪ್ಪಳ ಕೊಳ್ಳುವವರಿಗೆ ಈ ವ್ಯತ್ಯಾಸದಿಂದ ಪ್ರಯೋಜನವಿಲ್ಲ.

ವಾಟ್ಸಾಪ್ ಗುಂಪೂ ಎರಡಾಗಿದೆ. ಹಳೆಯ ಗುಂಪಿನ ಅಡ್ಮಿನ್ ಹಿಂದಿನ ಕಾರ್ಯದರ್ಶಿ; ಅವರು ಹೊಸಬರಿಗೆ ಅಡ್ಮಿನ್ ಸ್ಥಾನ ಬಿಟ್ಟುಕೊಡದ ಕಾರಣ ಹೊಸ ಗುಂಪು ಹುಟ್ಟಿತು. ನೇತ್ರ ತಪಾಸಣೆಯ ಪ್ರಕಟಣೆ ಒಂದರಲ್ಲಿ ಮಾತ್ರ ಬಂದದ್ದರಿಂದ ಪೇಟೆಯ ಕಡೆಯ ಹಲವು ಹಿರಿಯರಿಗೆ ಶಿಬಿರದ ವಿಷಯವೇ ತಿಳಿಯಲಿಲ್ಲ. ಜಗಲಿಯ ಸೂಚನಾ ಫಲಕದಲ್ಲಿ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಸದ್ಯಕ್ಕೆ ನಂಬಬೇಕಾದದ್ದು ಅದನ್ನೇ.

ಸೇರಬಯಸುವವರಿಗೆ ಹೇಳುವುದಿಷ್ಟು. ಅರ್ಜಿಯ ಜೊತೆಗೆ ಬೈಲಾದ ಪ್ರತಿಯನ್ನು ಕೇಳಿ ಪಡೆಯಿರಿ; ಈಗಿನ ಕಾರ್ಯದರ್ಶಿ ಕೊಡುತ್ತಾರೆ, ಜೆರಾಕ್ಸಿನ ಹಣ ನೀವೇ ಕೊಡಬೇಕು. ಸೂಚಕರು ಒಂದು ಕಡೆಯವರು, ಅನುಮೋದಕರು ಇನ್ನೊಂದು ಕಡೆಯವರು ಇರುವಂತೆ ನೋಡಿಕೊಂಡರೆ ಮುಂದಿನ ಮೂರು ವರ್ಷ ನೆಮ್ಮದಿಯಿಂದ ಹೊಲಿಗೆ ಕಲಿಯಬಹುದು. ಹಣವನ್ನು ಯಾರ ಕೈಗೂ ಕೊಡದೆ, ಸಂಜೆ ನಾಲ್ಕರ ನಂತರ ಖಜಾಂಚಿಯವರು ಕುಳಿತಿರುವಾಗ ಮೇಜಿನ ಬಳಿಯಲ್ಲೇ ಕಟ್ಟಿ, ರಸೀದಿಯಲ್ಲಿ ದಿನಾಂಕ ಬರೆಸಿಕೊಳ್ಳಿ. ಮಹಾಸಭೆಗೆ ಮೂರು ತಿಂಗಳ ಒಳಗೆ ಸೇರಿದವರಿಗೆ ಆ ವರ್ಷ ಮತದ ಹಕ್ಕಿಲ್ಲ, ಆದ್ದರಿಂದ ಮತ ಹಾಕುವ ಮನಸ್ಸಿದ್ದರೆ ಗಣೇಶನ ಹಬ್ಬದವರೆಗೆ ಕಾಯದೆ ಈಗಲೇ ಅರ್ಜಿ ಕೊಡುವುದು ಒಳ್ಳೆಯದು.